ಮಕ್ಕಳು ಒಟ್ಟಿಗೆ ಕೂತು ದೊಡ್ಡ ಪ್ರಶ್ನೆಗಳನ್ನು ಹುಡುಕಬೇಕೆಂದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸತ್ತ ಮೇಲೆ ಏನಾಗುತ್ತೆ? ದೇವರು ಇದ್ದರೆ ಯಾಕೆ ಕಾಣಿಸಲ್ಲ? ನಾನು ಹುಟ್ಟೋ ಮುಂಚೆ ಎಲ್ಲಿದ್ದೆ? ಮಕ್ಕಳು ಇಂಥ ಪ್ರಶ್ನೆಗಳನ್ನು ತಾವಾಗಿಯೇ ಕೇಳುತ್ತಾರೆ. ಅದೂ ಮಲಗುವ ಹೊತ್ತಲ್ಲಿ, ಇಲ್ಲವೇ ನಾವು ಅವಸರದಲ್ಲಿರುವಾಗ. ಆದರೆ ನಾಲ್ಕಾರು ಮಕ್ಕಳನ್ನು ಸೇರಿಸಿ "ಬನ್ನಿ, ಇವತ್ತು ಇದರ ಬಗ್ಗೆ ಮಾತಾಡೋಣ" ಎಂದು ಕೂರಿಸಿದರೆ ಸಾಕು, ಅದೇ ಮಕ್ಕಳು ಬಾಯೇ ಬಿಡುವುದಿಲ್ಲ.

ಕೆಡುವ ರೀತಿ ಹೆಚ್ಚುಕಮ್ಮಿ ಒಂದೇ. ದೊಡ್ಡವರು ಪ್ರಶ್ನೆ ಕೇಳುತ್ತಾರೆ. ಯಾರೂ ಮಾತಾಡುವುದಿಲ್ಲ. ಕೊನೆಗೆ ಒಬ್ಬ ಚುರುಕು ಹುಡುಗ ದೊಡ್ಡವರಿಗೆ ಇಷ್ಟವಾಗುವಂಥ ಉತ್ತರ ಕೊಡುತ್ತಾನೆ. ಅವನಿಗೆ ಶಭಾಷ್‌ಗಿರಿ ಸಿಗುತ್ತದೆ. ಅಲ್ಲಿಗೆ ಮಾತು ಮುಗಿದು ಪಾಠ ಶುರುವಾಗುತ್ತದೆ. ಉತ್ತರ ಮೊದಲೇ ಇವರ ಜೇಬಿನಲ್ಲಿತ್ತು, ನಾವು ಊಹಿಸಬೇಕಿತ್ತು ಅಷ್ಟೇ ಎಂಬುದು ಉಳಿದ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮುಂದಿನ ಸಲ ಅವರು ಯೋಚನೆ ಮಾಡುವ ಗೋಜಿಗೇ ಹೋಗುವುದಿಲ್ಲ.

ತಪ್ಪು ಇರುವುದು ಕ್ರಮದಲ್ಲಿ. ಮೊದಲು ನೋಡಲು, ಕೇಳಲು ಏನಾದರೂ ಬೇಕು. ಆಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮಕ್ಕಳದೇ ಪ್ರಶ್ನೆ, ಮಕ್ಕಳದೇ ಮಾತು. ದೊಡ್ಡವರ ಅಭಿಪ್ರಾಯಕ್ಕೆ ಸರದಿ ಕಟ್ಟಕಡೆಗೆ, ಅದೂ ಯಾರಾದರೂ ಕೇಳಿದರೆ ಮಾತ್ರ. ಕೆಳಗಿನ ಎಲ್ಲ ಹಂತಗಳೂ ಈ ಕ್ರಮ ತಪ್ಪದ ಹಾಗೆ ನೋಡಿಕೊಳ್ಳುವುದಕ್ಕೇ ಇವೆ. ಇವನ್ನು ಅಪ್ಪ ಅಮ್ಮ, ಶಿಕ್ಷಕರು, ಮಕ್ಕಳ ಗುಂಪು ನಡೆಸುವವರು ಯಾರು ಬೇಕಾದರೂ ಮಾಡಬಹುದು. ಧರ್ಮಗ್ರಂಥ ಓದಿಕೊಂಡಿರಬೇಕು ಅಂತೇನಿಲ್ಲ.

## ಶುರು ಮಾಡುವ ಮುನ್ನ: ಏನೇನು ಬೇಕು

ಮಕ್ಕಳು. 5ರಿಂದ 10 ಜನ ಇದ್ದರೆ ಚೆನ್ನ. ಅದಕ್ಕಿಂತ ಜಾಸ್ತಿ ಆದರೆ ಒಬ್ಬೊಬ್ಬರ ಸರದಿ ಬರುವಷ್ಟರಲ್ಲಿ ಉಳಿದವರು ಚಡಪಡಿಸುತ್ತಾರೆ. ವಯಸ್ಸಿನ ಅಂತರ ಮೂರು ವರ್ಷ ದಾಟದಿರಲಿ. ಹನ್ನೊಂದರ ಹುಡುಗಿ ಮಾತಾಡಿದ ಮೇಲೆ ಆರರ ಹುಡುಗ ಅವಳ ಮಾತನ್ನೇ ಒಪ್ಪಿಸಿಬಿಡುತ್ತಾನೆ.

ಸಮಯ. 6-7 ವರ್ಷದವರಿಗೆ 20 ನಿಮಿಷ, ದೊಡ್ಡ ಮಕ್ಕಳಿಗೆ 40 ನಿಮಿಷ. ಹಸಿವು, ನಿದ್ದೆ, ಪರೀಕ್ಷೆ ಈ ಮೂರೂ ಹತ್ತಿರ ಇಲ್ಲದ ಹೊತ್ತು ನೋಡಿಕೊಳ್ಳಿ.

ಸಾಮಾನು. ಒಂದು ಚಾರ್ಟ್ ಶೀಟ್, ದಪ್ಪ ಸ್ಕೆಚ್ ಪೆನ್, ಮಕ್ಕಳಿಗೆ ಚೀಟಿ ಮತ್ತು ಪೆನ್ಸಿಲ್, ಮಾತಿನ ಸರದಿ ತೋರಿಸಲು ಕೈಯಲ್ಲಿ ಹಿಡಿಯುವಂಥ ಒಂದು ವಸ್ತು (ನುಣುಪಾದ ಕಲ್ಲು ಸಾಕು), ಮತ್ತು ಪ್ರಶ್ನೆಗಳನ್ನು ಬರೆದಿಡಲು ಒಂದು ನೋಟ್‌ಬುಕ್. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ನಿಮ್ಮದೂ ಸೇರಿ.

ಪ್ರೊಜೆಕ್ಟರ್, ವಿಡಿಯೋ ಯಾವುದೂ ಬೇಕಿಲ್ಲ. ಪರದೆ ಬಂದರೆ ಮಕ್ಕಳು ನೋಡುವವರಾಗಿ ಕೂರುತ್ತಾರೆ, ಮಾತಾಡುವುದಿಲ್ಲ.

## ಹಂತ 1: ಮಕ್ಕಳ ಮನೆಯವರಿಗೆ ಮೊದಲೇ ಹೇಳಿ

ನಿಮ್ಮ ಮಕ್ಕಳಷ್ಟೇ ಇದ್ದರೆ ಈ ಹಂತ ಬಿಡಿ. ಬೇರೆ ಮನೆಯ ಒಂದೇ ಒಂದು ಮಗು ಇದ್ದರೂ ಬಿಡಬೇಡಿ.

ದೇವರು, ಸಾವು, ಆತ್ಮ ಇವೆಲ್ಲ ಪ್ರತಿ ಮನೆಯಲ್ಲೂ ಸೂಕ್ಷ್ಮ ವಿಷಯಗಳು. ಮಗು ಮನೆಗೆ ಹೋಗಿ "ದೇವರಿಲ್ಲ ಅಂತ ಇವತ್ತು ಮಾತಾಡಿದ್ವಿ" ಅಂದರೆ ಯಾವ ತಾಯಿಗಾದರೂ ಗಾಬರಿ ಆಗುತ್ತೆ. ಹಾಗಾಗಿ ಮುಂಚೆಯೇ ಮೂರು ವಿಷಯ ಸ್ಪಷ್ಟ ಮಾಡಿ: ಇಲ್ಲಿ ಯಾವ ನಂಬಿಕೆಯನ್ನೂ ಕಲಿಸುವುದಿಲ್ಲ, ಯಾವ ನಂಬಿಕೆಯನ್ನೂ ತೆಗೆದುಹಾಕುವುದಿಲ್ಲ, ನೀವು ಬಂದು ಹಿಂದೆ ಕೂತು ಕೇಳಬಹುದು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ವಿಚಾರ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಒಪ್ಪುತ್ತದೆ. ಮಗು ಬೆಳೆದಂತೆಲ್ಲ ಅದಕ್ಕೆ ತಕ್ಕ ದಾರಿ ತೋರಿಸುವ ಹಕ್ಕು ಮತ್ತು ಹೊಣೆ ತಂದೆ ತಾಯಿಗೆ ಇದೆ ಎಂದೂ ಅದೇ ವಿಧಿ ಹೇಳುತ್ತದೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ನೀವು ಎಲ್ಲಿ ನಿಲ್ಲಬೇಕೋ ಅದು ತಿಳಿಯುತ್ತದೆ. ಬೇಡ ಎಂದ ಮನೆಯವರನ್ನು ಒಪ್ಪಿಸಲು ಹೋಗಬೇಡಿ.

ಇದೇ ಹೊತ್ತಲ್ಲಿ ಇನ್ನೊಂದು ವಿಷಯ ಕೇಳಿಕೊಳ್ಳಿ: ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ, ಯಾರಿಗಾದರೂ ಹುಷಾರಿಲ್ಲವಾ? ಸಾಕಿದ ನಾಯಿ ಸತ್ತಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಇದು ಗೊತ್ತಿಲ್ಲದೆ ಸಾವಿನ ಮಾತು ಎತ್ತುವುದು ದೊಡ್ಡ ತಪ್ಪು.

## ಹಂತ 2: ನಿಮ್ಮ ಉತ್ತರವನ್ನು ಬರೆದು ಮಡಚಿಡಿ

ಯಾವ ವಿಷಯ ಬರಬಹುದು ಎಂದು ಅಂದಾಜು ಇರುತ್ತಲ್ಲ, ಆ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ.

ಇದನ್ನು ಹಾರಿಸುವವರೇ ಜಾಸ್ತಿ. ಆದರೆ ಬರೆಯದೇ ಹೋದರೆ ಆ ಉತ್ತರ ನಿಮ್ಮ ಮುಖದಲ್ಲಿ, ದನಿಯಲ್ಲಿ, ತಲೆಯಾಡಿಸುವ ರೀತಿಯಲ್ಲಿ ಹೊರಬರುತ್ತದೆ. ನೀವು ನಂಬುವ ಮಾತನ್ನು ಮಗು ಹೇಳಿದಾಗ "ಹೌದು ಪುಟ್ಟಾ" ಎಂದು ಮುಗುಳ್ನಗುತ್ತೀರಿ. ನಂಬದ ಮಾತು ಬಂದಾಗ "ಹ್ಞೂಂ, ಬೇರೆ ಯಾರಾದ್ರೂ?" ಅನ್ನುತ್ತೀರಿ. ಈ ವ್ಯತ್ಯಾಸವನ್ನು ಮಕ್ಕಳು ಮೊದಲ ಐದು ನಿಮಿಷದಲ್ಲೇ ಹಿಡಿಯುತ್ತಾರೆ. ನಿಮ್ಮ ಒಲವು ಯಾವ ಕಡೆಗೆ ಎಂದು ಕಾಗದದ ಮೇಲೆ ನೋಡಿಕೊಂಡಿದ್ದರೆ ಅದನ್ನು ತಡೆಹಿಡಿಯುವುದು ಸುಲಭ.

ನಾಸ್ತಿಕರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

## ಹಂತ 3: ವೃತ್ತದಲ್ಲಿ ಕೂರಿಸಿ, ನಿಯಮ ಒಪ್ಪಿಸಿ

ಎಲ್ಲರೂ ಒಂದೇ ಎತ್ತರದಲ್ಲಿ ಕೂರಬೇಕು. ಮಕ್ಕಳು ನೆಲದ ಮೇಲಿದ್ದರೆ ನೀವೂ ನೆಲದ ಮೇಲೆ. ಪ್ರತಿಯೊಬ್ಬರಿಗೂ ಉಳಿದವರ ಮುಖ ಕಾಣಬೇಕು. ಸಾಲಾಗಿ ಕೂರಿಸಿದರೆ ಎಲ್ಲ ಮಾತೂ ನಿಮ್ಮ ಕಡೆಗೇ ಬರುತ್ತದೆ, ಮಕ್ಕಳು ಪರಸ್ಪರ ಮಾತಾಡುವುದೇ ಇಲ್ಲ.

ನಿಯಮಗಳು ನಾಲ್ಕೇ ಸಾಕು:

- ಕಲ್ಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬಹುದು.
- ಮಾತಾಡದೆ ಕಲ್ಲನ್ನು ಮುಂದೆ ಕೊಡಬಹುದು.
- ಮಾತನ್ನು ಒಪ್ಪದಿರಬಹುದು, ಮಾತಾಡಿದವರನ್ನು ಆಡಿಕೊಳ್ಳುವ ಹಾಗಿಲ್ಲ.
- ಹೇಳಿದ ಮಾತನ್ನು ಬದಲಾಯಿಸಿಕೊಳ್ಳಬಹುದು.

ಕೊನೆಯ ನಿಯಮವನ್ನು ಒತ್ತಿ ಹೇಳಿ. ಮಾತು ಬದಲಿಸಿದರೆ ಸೋತ ಹಾಗೆ ಎಂದು ಮಕ್ಕಳು ತಿಳಿದಿರುತ್ತಾರೆ. ಆ ಭಯ ಹೋಗದ ಹೊರತು ಯಾರೂ ನಿಜವಾಗಿ ಯೋಚಿಸುವುದಿಲ್ಲ, ಮೊದಲು ಹೇಳಿದ್ದನ್ನೇ ಜೋರಾಗಿ ಹೇಳುತ್ತಾ ಹೋಗುತ್ತಾರೆ.

## ಹಂತ 4: ಮುಂದೆ ಏನಾದರೂ ಇಡಿ, ಆಮೇಲೆ ಸುಮ್ಮನಿರಿ

"ದೇವರೆಂದರೆ ಏನು?" ಎಂದು ಗಾಳಿಯಲ್ಲಿ ಪ್ರಶ್ನೆ ಬಿಟ್ಟರೆ ಮಕ್ಕಳಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಅಥವಾ ಕಿವಿಗೆ ಬೀಳುವ ಏನಾದರೂ ಬೇಕು: ಸತ್ತು ಬಿದ್ದ ಒಂದು ದುಂಬಿ, ಮೊಳಕೆ ಬಂದ ಕಾಳು, ಮಗುವಾಗಿದ್ದಾಗಿನ ಫೋಟೋ, ರಾತ್ರಿಯ ಆಕಾಶ, ಅಥವಾ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಒಂದು ಕಥೆ.

ಕಥೆ ಆರಿಸುವಾಗ ಒಂದು ಎಚ್ಚರ. ಕೊನೆಯಲ್ಲಿ ನೀತಿ ಇರುವ ಕಥೆ ಇಲ್ಲಿ ಕೆಲಸಕ್ಕೆ ಬಾರದು. ಆ ಕಥೆ ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿಬಿಟ್ಟಿರುತ್ತದೆ.

ನಿಮ್ಮ ಧರ್ಮದ ಕಥೆಯನ್ನೇ ಹೇಳಬೇಕೆಂದಿದ್ದರೂ ದಾರಿ ಇದೆ. ಜೆರೋಮ್ ಬೆರಿಮನ್ ಎಂಬವರು ಕ್ರೈಸ್ತ ಮಕ್ಕಳಿಗಾಗಿ ರೂಪಿಸಿದ ಕ್ರಮದಲ್ಲಿ ಕಥೆ ಮುಗಿದ ಮೇಲೆ "ಇದರಿಂದ ಏನು ಕಲಿತಿರಿ?" ಎಂದು ಕೇಳುವುದಿಲ್ಲ. ಕಥೆಯ ಯಾವ ಭಾಗ ನಿಮಗೆ ಇಷ್ಟವಾಯಿತು, ಯಾವುದು ಎಲ್ಲಕ್ಕಿಂತ ಮುಖ್ಯ, ಇದರಲ್ಲಿ ನೀವು ಎಲ್ಲಿದ್ದೀರಿ, ಯಾವ ಭಾಗ ಬಿಟ್ಟರೂ ಕಥೆ ಪೂರ್ತಿಯಾಗಿಯೇ ಇರುತ್ತದೆ ಎಂದು ಕೇಳುತ್ತಾರೆ. ಈ ನಾಲ್ಕು ಪ್ರಶ್ನೆ ಯಾವ ಧರ್ಮದ ಕಥೆಗೂ ಹೊಂದುತ್ತವೆ. ನಾಲ್ಕನೆಯದು ನನಗೆ ತುಂಬಾ ಇಷ್ಟ. ಅದಕ್ಕೆ ಬಾಯಿಪಾಠದ ಉತ್ತರ ಇರುವುದಿಲ್ಲ.

ವಸ್ತು ಇಟ್ಟ ಮೇಲೆ, ಕಥೆ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಒಂದು ನಿಮಿಷ ತುಂಬಾ ಉದ್ದ ಅನ್ನಿಸುತ್ತದೆ. ಮಕ್ಕಳು ಮುಸಿಮುಸಿ ನಗುತ್ತಾರೆ, ಪರವಾಗಿಲ್ಲ. ನೀವು ಆ ವಸ್ತುವನ್ನೇ ನೋಡುತ್ತಿರಿ, ನಗು ತಾನಾಗಿ ನಿಲ್ಲುತ್ತದೆ.

## ಹಂತ 5: ಪ್ರಶ್ನೆಯನ್ನು ಮಕ್ಕಳೇ ಮಾಡಲಿ, ಮಕ್ಕಳೇ ಆರಿಸಲಿ

ಇಡೀ ಕೆಲಸದ ಬೇರು ಇಲ್ಲಿದೆ. ಅಮೆರಿಕದ ಮ್ಯಾಥ್ಯೂ ಲಿಪ್‌ಮನ್ 1974ರಲ್ಲಿ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ಮಕ್ಕಳ ತತ್ವಚಿಂತನೆಗೆಂದೇ ಒಂದು ಸಂಸ್ಥೆ ಶುರು ಮಾಡಿದರು. ಮಕ್ಕಳ ಪ್ರಶ್ನೆಗಳನ್ನೇ ಬೋರ್ಡಿನ ಮೇಲೆ ಬರೆದು, ಅವುಗಳಿಂದಲೇ ಚರ್ಚೆ ಬೆಳೆಸುವುದು ಅವರ ಕ್ರಮದ ತಿರುಳು.

ಮಾಡುವ ರೀತಿ ಹೀಗೆ. ಇಬ್ಬಿಬ್ಬರನ್ನು ಜೋಡಿ ಮಾಡಿ. "ಇದನ್ನ ನೋಡಿದಾಗ ನಿಮ್ಮಲ್ಲಿ ಯಾವ ಪ್ರಶ್ನೆ ಬರುತ್ತೆ?" ಎಂದು ಕೇಳಿ ಮೂರು ನಿಮಿಷ ಕೊಡಿ. ಬರೆಯಲು ಬಾರದವರು ನಿಮ್ಮ ಕಿವಿಯಲ್ಲಿ ಹೇಳಲಿ. ಪ್ರತಿ ಪ್ರಶ್ನೆಯನ್ನೂ ಮಗುವಿನ ಮಾತಿನಲ್ಲೇ ಚಾರ್ಟಿನ ಮೇಲೆ ಬರೆಯಿರಿ. "ಸತ್ತೋದ್ರೆ ನೋವಾಗಲ್ವಾ?" ಎಂದು ಮಗು ಕೇಳಿದರೆ ಹಾಗೇ ಬರೆಯಿರಿ. ನೀವು ಅದನ್ನು ತಿದ್ದಿ "ಮರಣಾನಂತರ ನೋವಿನ ಅನುಭವ ಇರುತ್ತದೆಯೇ?" ಎಂದು ಬರೆದರೆ ಪ್ರಶ್ನೆ ನಿಮ್ಮದಾಯಿತು.

ಬಂದ ಪ್ರಶ್ನೆಗಳೆಲ್ಲ ಒಂದೇ ಜಾತಿಯವಾಗಿರುವುದಿಲ್ಲ. "ದುಂಬಿಗೆ ಎಷ್ಟು ಕಾಲು?" ಎಂಬುದಕ್ಕೆ ಎಣಿಸಿದರೆ ಉತ್ತರ ಸಿಗುತ್ತದೆ. "ಸತ್ತಾಗ ಹೃದಯ ಯಾಕೆ ನಿಲ್ಲುತ್ತೆ?" ಎಂದು ಡಾಕ್ಟರನ್ನು ಕೇಳಬಹುದು. "ಇದು ಬದುಕಿದ್ದಕ್ಕೆ ಏನಾದ್ರೂ ಅರ್ಥ ಇತ್ತಾ?" ಎಂಬುದಕ್ಕೆ ಎಲ್ಲರೂ ಕೂತು ಯೋಚಿಸಬೇಕು. ಈ ವಿಂಗಡಣೆಯನ್ನು ಮಕ್ಕಳಿಂದಲೇ ಮಾಡಿಸಿ: ಹುಡುಕಿದರೆ ಸಿಗುವುದು, ತಿಳಿದವರನ್ನು ಕೇಳಬೇಕಾದದ್ದು, ನಾವೇ ಯೋಚಿಸಬೇಕಾದದ್ದು. ಅವರು ಇದನ್ನು ಬಲು ಬೇಗ ಕಲಿಯುತ್ತಾರೆ. ಯಾವ ಪ್ರಶ್ನೆ ಎಲ್ಲಿಗೆ ಸೇರಬೇಕು ಎಂಬ ಜಗಳವೇ ಕೆಲವು ಸಲ ಒಳ್ಳೆಯ ಚರ್ಚೆಯಾಗುತ್ತದೆ. ಅಂಥ ಜಗಳ ಬಂದರೆ ತಡೆಯಬೇಡಿ.

ಮೂರನೇ ಗುಂಪಿನಿಂದ ಒಂದನ್ನು ವೋಟು ಹಾಕಿ ಆರಿಸಲಿ. ಕಣ್ಣು ಮುಚ್ಚಿ ಕೈ ಎತ್ತಿಸಿ, ಇಲ್ಲದಿದ್ದರೆ ಎಲ್ಲರೂ ಗೆಳೆಯರ ಪ್ರಶ್ನೆಗೇ ಕೈ ಎತ್ತುತ್ತಾರೆ. ಉಳಿದ ಪ್ರಶ್ನೆಗಳನ್ನು ಅವರ ಕಣ್ಣೆದುರೇ ನೋಟ್‌ಬುಕ್ಕಿಗೆ ಬರೆಯಿರಿ.

ಇಲ್ಲಿ ಆಗುವ ತಪ್ಪು: ನಿಮಗೆ ಇಷ್ಟವಾದ ಪ್ರಶ್ನೆ ಆಯ್ಕೆಯಾಗಲಿಲ್ಲ ಅಂತ "ಇದೂ ಚೆನ್ನಾಗಿದೆ ಅಲ್ವಾ, ಇದನ್ನ ತಗೊಳ್ಳೋಣ್ವಾ?" ಎಂದು ತಿರುಗಿಸುವುದು. ಹೀಗೆ ಒಮ್ಮೆ ಮಾಡಿದರೆ ಮುಂದಿನ ಸಲ ಮಕ್ಕಳು ಪ್ರಶ್ನೆಯನ್ನೇ ಕೇಳುವುದಿಲ್ಲ. ಅವರು ಆರಿಸಿದ್ದು ಸಪ್ಪೆ ಅನ್ನಿಸಿದರೂ ಅದರಿಂದಲೇ ಶುರು ಮಾಡಿ.

## ಹಂತ 6: ಮಾತು ನಡೆಸುವುದು

### ಕಾಯುವುದು

ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ವಿಜ್ಞಾನ ಪಾಠದಲ್ಲೇ ಹಾಗಾದರೆ, ಆತ್ಮ ಇದೆಯಾ ಎಂಬ ಪ್ರಶ್ನೆಗೆ ಇನ್ನೂ ಎಷ್ಟು ಕಾಯಬೇಕು ಯೋಚಿಸಿ. ನಾನು ಹೇಳುವುದು 10 ಸೆಕೆಂಡ್. ಮನಸ್ಸಿನಲ್ಲೇ ಎಣಿಸಿ.

ಮಗು ಮಾತು ಮುಗಿಸಿದ ಮೇಲೂ ಕಾಯಿರಿ. ಎಷ್ಟೋ ಸಲ ಮೊದಲ ವಾಕ್ಯ ಮನೆಯಲ್ಲಿ ಕೇಳಿದ್ದು, ಎರಡನೆಯ ವಾಕ್ಯ ಅದರದೇ ಆಗಿರುತ್ತದೆ.

### ಕೈಯಲ್ಲಿಟ್ಟುಕೊಳ್ಳಬೇಕಾದ ಪ್ರಶ್ನೆಗಳು

ಚರ್ಚೆ ನಡೆಸಲು ನಿಮಗೆ ಇಷ್ಟು ಸಾಕು. ಒಂದು ಚೀಟಿಯಲ್ಲಿ ಬರೆದು ಮಡಿಲಲ್ಲಿ ಇಟ್ಟುಕೊಳ್ಳಿ:

- ಹಾಗೆ ಯಾಕೆ ಅನ್ನಿಸುತ್ತೆ?
- ಒಂದು ಉದಾಹರಣೆ ಹೇಳ್ತೀಯಾ?
- ಯಾವಾಗಲೂ ಹಾಗೇನಾ, ಇಲ್ಲ ಕೆಲವು ಸಲ ಮಾತ್ರವಾ?
- ಅವಳು ಹೇಳಿದ್ದನ್ನ ನಿನ್ನ ಮಾತಲ್ಲಿ ಹೇಳು ನೋಡೋಣ.
- ಇದನ್ನ ಒಪ್ಪದವರು ಏನು ಹೇಳಬಹುದು?

ಸತ್ತ ದುಂಬಿಯನ್ನು ಮುಂದಿಟ್ಟಾಗ ಮಕ್ಕಳು "ಇದರೊಳಗಿದ್ದದ್ದು ಎಲ್ಲಿ ಹೋಯ್ತು?" ಎಂಬ ಪ್ರಶ್ನೆ ಆರಿಸಿದರು ಅಂದುಕೊಳ್ಳಿ. ಮಾತು ಹೀಗೆ ಸಾಗಬಹುದು:

"ಎಲ್ಲೂ ಹೋಗಿಲ್ಲ. ನಿಂತೋಯ್ತು ಅಷ್ಟೇ. ಫ್ಯಾನ್ ನಿಂತ ಹಾಗೆ."

"ಫ್ಯಾನಿಗೆ ಕರೆಂಟ್ ಬಂದ್ರೆ ಮತ್ತೆ ತಿರುಗುತ್ತೆ. ಇದು ಏಳಲ್ವಲ್ಲ."

ನೀವು: "ಹಾಗಾದ್ರೆ ಫ್ಯಾನಿಗೂ ಇದಕ್ಕೂ ಏನು ವ್ಯತ್ಯಾಸ?"

(ಯಾರೂ ಮಾತಾಡುವುದಿಲ್ಲ. ನೀವು ಎಣಿಸುತ್ತಿದ್ದೀರಿ.)

"ಫ್ಯಾನಿಗೆ ತಾನು ತಿರುಗ್ತಿದೀನಿ ಅಂತ ಗೊತ್ತಿರಲ್ಲ."

"ಇದಕ್ಕೆ ಗೊತ್ತಿತ್ತಾ?"

"ಗೊತ್ತಿತ್ತು. ಮುಟ್ಟೋಕೆ ಹೋದ್ರೆ ಓಡೋಗತ್ತಲ್ಲ."

"ಓಡೋದು ಬೇರೆ, ಗೊತ್ತಾಗೋದು ಬೇರೆ."

ನೋಡಿ, ನೀವು ಮಾತಾಡಿದ್ದು ಒಂದೇ ಸಲ. ಆರು ಮಾತಿನಲ್ಲಿ ಮಕ್ಕಳು ಸಾವಿನಿಂದ ಹೊರಟು ಅರಿವು ಎಂದರೇನು ಎಂಬಲ್ಲಿಗೆ ಬಂದರು. ದೊಡ್ಡವರು ಬದುಕಿಡೀ ತಲೆಕೆಡಿಸಿಕೊಳ್ಳುವ ಪ್ರಶ್ನೆ ಅದು. ಎರಡನೆಯ ಮಾತು ಮುಗಿದ ಕೂಡಲೇ ನೀವು "ಶಭಾಷ್, ಅದನ್ನೇ ಆತ್ಮ ಅನ್ನೋದು" ಎಂದಿದ್ದರೆ ಉಳಿದ ನಾಲ್ಕು ಮಾತು ಹುಟ್ಟುತ್ತಲೇ ಇರಲಿಲ್ಲ. "ಆತ್ಮ ಗೀತ್ಮ ಏನಿಲ್ಲ, ಎಲ್ಲ ರಸಾಯನ" ಎಂದಿದ್ದರೂ ಅಷ್ಟೇ.

### ಮಾತು ದಾರಿ ತಪ್ಪುವ ಜಾಗಗಳು

ಒಪ್ಪಿಸುವ ಉತ್ತರ. "ಒಳ್ಳೆಯವರು ಸ್ವರ್ಗಕ್ಕೆ ಹೋಗ್ತಾರೆ" ಎಂದು ಮಗು ಪಾಠದ ಹಾಗೆ ಹೇಳಿತು. ಅದನ್ನು ತಪ್ಪು ಅನ್ನಬೇಡಿ, ಸರಿ ಎಂದೂ ಅನ್ನಬೇಡಿ. "ಸ್ವಲ್ಪ ಒಳ್ಳೆಯವರು, ಸ್ವಲ್ಪ ಕೆಟ್ಟವರು ಇರ್ತಾರಲ್ಲ, ಅವರು?" ಎಂದು ಕೇಳಿ. ಮಗು ಮೊದಲ ಸಲ ಆ ಮಾತಿನ ಒಳಗೆ ಹೋಗುತ್ತದೆ. ನಂಬಿಕೆ ಅಲುಗಾಡುವುದಿಲ್ಲ, ಅದರ ಬಗ್ಗೆ ಯೋಚನೆ ಶುರುವಾಗುತ್ತದೆ.

"ಎಲ್ಲರದ್ದೂ ಸರಿ." ಮನಸ್ಸು ನೋಯದಿರಲಿ ಎಂದು ದೊಡ್ಡವರು ಹೇಳುವ ಮಾತಿದು. ಇದನ್ನು ದಯವಿಟ್ಟು ಬಿಡಿ. ಒಬ್ಬ "ಸತ್ತ ಮೇಲೆ ಮತ್ತೆ ಹುಟ್ತೀವಿ" ಅಂದ, ಇನ್ನೊಬ್ಬಳು "ಇಲ್ಲ, ಒಂದೇ ಸಲ" ಅಂದಳು. ಎರಡೂ ಸರಿ ಎಂದರೆ ಇಬ್ಬರ ಮಾತನ್ನೂ ನೀವು ಕೇಳಿಸಿಕೊಂಡಿಲ್ಲ ಎಂದೇ ಅರ್ಥ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ಅದರ ಬದಲು "ಇಬ್ಬರೂ ಬೇರೆ ಬೇರೆ ಹೇಳ್ತಿದಾರೆ. ಇವನ ಕಾರಣ ಏನು, ಅವಳ ಕಾರಣ ಏನು?" ಎಂದು ಕೇಳಿ. ಪ್ರತಿಯೊಬ್ಬರಿಗೂ ಮರ್ಯಾದೆ ಇರಬೇಕು, ಪ್ರತಿಯೊಂದು ಮಾತಿಗೂ ಕಾರಣ ಇರಬೇಕು.

"ನಿಮ್ಮ ದೇವರು ಸುಳ್ಳು." ಬೇರೆ ಬೇರೆ ಮನೆಯ ಮಕ್ಕಳಿದ್ದರೆ ಒಂದಲ್ಲ ಒಂದು ದಿನ ಬರುವ ಮಾತು. ತಕ್ಷಣ ನಿಲ್ಲಿಸಿ, ಆದರೆ ಬೈಯಬೇಡಿ. "ನಾವು ಮಾತನ್ನ ಪ್ರಶ್ನೆ ಮಾಡ್ತೀವಿ, ಮನೆಯವರನ್ನಲ್ಲ. ಅದನ್ನೇ ಪ್ರಶ್ನೆಯಾಗಿ ಕೇಳು" ಎನ್ನಿ. "ಬೇರೆ ಬೇರೆ ಜನ ಬೇರೆ ಬೇರೆ ದೇವರನ್ನ ಯಾಕೆ ನಂಬ್ತಾರೆ?" ಎಂದು ಅದು ತಿರುಗುತ್ತದೆ. ಎದುರಿಗಿದ್ದ ಮಗುವಿನ ಮುಖ ನೋಡಿ. ನೊಂದಿದ್ದರೆ ಮುಗಿದ ಮೇಲೆ ಒಬ್ಬರೇ ಹೋಗಿ ಮಾತಾಡಿಸಿ.

ಒಬ್ಬನೇ ಮಾತಾಡುವುದು. ಅವನಿಗೆ ಚಾರ್ಟ್ ಬರೆಯುವ ಕೆಲಸ ಕೊಡಿ. ಬೇರೆಯವರ ಮಾತನ್ನು ಬರೆಯಬೇಕಾದರೆ ಕೇಳಿಸಿಕೊಳ್ಳಲೇಬೇಕು.

ಮಾತೇ ಆಡದ ಮಗು. ಬಿಡಿ. ಕೇಳಿಸಿಕೊಳ್ಳುವುದೂ ಭಾಗವಹಿಸುವುದೇ. "ನೀನೂ ಏನಾದ್ರೂ ಹೇಳಪ್ಪಾ" ಎಂದು ಎಲ್ಲರೆದುರು ಒತ್ತಾಯ ಮಾಡಿದರೆ ಆ ಮಗು ಮತ್ತೆ ಬರುವುದಿಲ್ಲ. ಬೇಕಿದ್ದರೆ ಚಿತ್ರ ಬರೆಯಲಿ.

"ನೀವು ಏನಂತೀರಾ ಅಕ್ಕಾ?" ಇದಕ್ಕೆ ತಯಾರಾಗಿಯೇ ಇರಬೇಕು. ತಪ್ಪಿಸಿಕೊಂಡರೆ ಮೋಸ ಅನ್ನಿಸುತ್ತದೆ. ಬೇಗ ಹೇಳಿದರೆ ಚರ್ಚೆ ಮುಗಿಯುತ್ತದೆ. ಆದ್ದರಿಂದ "ಕೊನೆಗೆ ಕೇಳು, ಹೇಳ್ತೀನಿ" ಎಂದು ಮಾತು ಕೊಡಿ, ಕೊನೆಗೆ ಕೇಳಿದರೆ ನಿಜವಾಗಿಯೂ ಹೇಳಿ. ಎರಡೇ ವಾಕ್ಯದಲ್ಲಿ ಹೇಳಿ: "ನನಗೆ ಹೀಗನ್ನಿಸುತ್ತೆ, ಇದಕ್ಕೆ ಕಾರಣ ಇದು. ನನಗೆ ಇನ್ನೂ ಅರ್ಥವಾಗದೆ ಇರೋದು ಇಂಥದ್ದು." ಆ ಕೊನೆಯ ಭಾಗವನ್ನು ಬಿಡಬೇಡಿ.

## ಹಂತ 7: ತೀರ್ಮಾನ ಹೇಳದೆ ಮುಗಿಸಿ

ಸಮಯ ಮುಗಿಯಲು ಐದು ನಿಮಿಷ ಇರುವಾಗ ಚರ್ಚೆ ನಿಲ್ಲಿಸಿ. ಮಾತು ಚೆನ್ನಾಗಿ ನಡೆಯುತ್ತಿದ್ದರೂ ನಿಲ್ಲಿಸಿ. ಸುಸ್ತಾಗುವವರೆಗೆ ಎಳೆದರೆ ಮಕ್ಕಳಿಗೆ ಉಳಿಯುವ ನೆನಪು ಸುಸ್ತಿನದೇ.

ಕಲ್ಲು ಒಂದು ಸುತ್ತು ಹೋಗಲಿ. ಪ್ರತಿಯೊಬ್ಬರೂ ಒಂದು ವಾಕ್ಯ ಹೇಳಬಹುದು: ಇವತ್ತು ಯಾರ ಮಾತು ನನ್ನನ್ನು ಯೋಚಿಸುವ ಹಾಗೆ ಮಾಡಿತು, ಅಥವಾ ಈಗ ನನ್ನಲ್ಲಿ ಹೊಸದಾಗಿ ಯಾವ ಪ್ರಶ್ನೆ ಇದೆ. ಹೊಸ ಪ್ರಶ್ನೆ ನೋಟ್‌ಬುಕ್ಕಿಗೆ ಹೋಗಲಿ.

"ಹಾಗಾದರೆ ಇವತ್ತು ನಾವು ತಿಳಿದುಕೊಂಡದ್ದು ಏನೆಂದರೆ…" ಎಂದು ಮಾತ್ರ ಶುರು ಮಾಡಬೇಡಿ. ಶಿಕ್ಷಕರಿಗೆ ಇದು ರೂಢಿಯಾಗಿ ಹೋಗಿರುತ್ತದೆ, ತಡೆಯುವುದು ಕಷ್ಟ. ಆದರೆ ಅಷ್ಟು ಹೊತ್ತು ಮಕ್ಕಳು ಕಟ್ಟಿದ್ದನ್ನು ಆ ಒಂದು ವಾಕ್ಯ ನಿಮ್ಮದಾಗಿ ಮಾಡಿಬಿಡುತ್ತದೆ.

ಪುಟ್ಟ ಮಕ್ಕಳಿದ್ದರೆ, ಸಾವು ಅಥವಾ ಭಯದ ವಿಷಯ ಬಂದಿದ್ದರೆ, ಹಾಗೇ ಎದ್ದು ಕಳಿಸಬೇಡಿ. ಹತ್ತು ನಿಮಿಷ ಆಟ ಆಡಿಸಿ, ಆಮೇಲೆ ಕಳಿಸಿ.

## ಹಂತ 8: ಮರುದಿನ ಮತ್ತು ಮುಂದಿನ ವಾರ

ಮಕ್ಕಳ ಯೋಚನೆ ಚರ್ಚೆಯ ಜೊತೆಗೇ ಮುಗಿಯುವುದಿಲ್ಲ. ಎರಡು ದಿನ ಬಿಟ್ಟು ಚಪ್ಪಲಿ ಹಾಕಿಕೊಳ್ಳುವಾಗ "ದುಂಬಿಗೆ ಗೊತ್ತಿರಲಿಲ್ಲ ಅನ್ಸುತ್ತೆ" ಎಂದು ಮಗು ಹೇಳಬಹುದು. ಆಗ ಕೈಯಲ್ಲಿದ್ದ ಕೆಲಸ ಒಂದು ನಿಮಿಷ ಬಿಟ್ಟು ಕೇಳಿಸಿಕೊಳ್ಳಿ.

ವಾರಕ್ಕೆ ಒಂದು ಸಲ ಸಾಕು. ಮುಂದಿನ ಸಲ ನೋಟ್‌ಬುಕ್ ತೆರೆದು ಹಳೆಯ ಪ್ರಶ್ನೆಗಳನ್ನು ಓದಿ, ಅವುಗಳಿಂದ ಒಂದನ್ನು ಆರಿಸಬಹುದೇ ಎಂದು ಮಕ್ಕಳನ್ನೇ ಕೇಳಿ. ಒಂದೇ ಪ್ರಶ್ನೆ ನಾಲ್ಕು ವಾರ ನಡೆದರೂ ತೊಂದರೆ ಇಲ್ಲ.

ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಮಕ್ಕಳು ನಿಮ್ಮ ಮುಖ ನೋಡುವುದನ್ನು ಬಿಟ್ಟು ಒಬ್ಬರಿಗೊಬ್ಬರು ಮಾತಾಡುತ್ತಾರೆ. "ಅವನು ಹೇಳಿದ್ದು ಒಪ್ತೀನಿ, ಆದ್ರೆ…" ಎಂಬ ಮಾತು ಕೇಳಿಬರುತ್ತದೆ. ಮೊದಲ ಎರಡು ಮೂರು ಸಲ ಇದು ಯಾವುದೂ ಆಗುವುದಿಲ್ಲ, ಅದಕ್ಕೆ ಬೇಜಾರಾಗಬೇಡಿ.

## ಎಚ್ಚರಿಕೆಯ ಚಿಹ್ನೆಗಳು

ಚರ್ಚೆಯನ್ನು ನಿಲ್ಲಿಸಿ ಮಗುವನ್ನು ನೋಡಿಕೊಳ್ಳಬೇಕಾದ ಸಂದರ್ಭಗಳಿವೆ. ಈ ಭಾಗವನ್ನು ಎರಡು ಸಲ ಓದಿ.

ವಯಸ್ಸಿಗೆ ಮೀರಿದ ಸಾವಿನ ಮಾತು. ಸತ್ತವರು ಮರಳಿ ಬರುವುದಿಲ್ಲ, ಸತ್ತ ಮೇಲೆ ದೇಹ ಏನೂ ಮಾಡುವುದಿಲ್ಲ, ಬದುಕಿದ್ದೆಲ್ಲ ಸಾಯುತ್ತದೆ: ಈ ಮೂರು ವಿಷಯ ಮಕ್ಕಳಿಗೆ ಒಟ್ಟಿಗೇ ತಿಳಿಯುವುದಿಲ್ಲ. ಸ್ಪೀಸ್ ಮತ್ತು ಬ್ರೆಂಟ್ ಎಂಬ ಸಂಶೋಧಕರು 1984ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಹೆಚ್ಚಿನ ಮಕ್ಕಳಿಗೆ ಇವು 5ರಿಂದ 7 ವರ್ಷದ ನಡುವೆ ತಿಳಿಯುತ್ತವೆ ಎಂದು ಕಂಡಿತು. ಹಾಗಾಗಿ ಐದರ ಮಗು "ಅಜ್ಜಿ ಯಾವಾಗ ವಾಪಸ್ ಬರ್ತಾರೆ?" ಎಂದು ಕೇಳಿದರೆ ಅದು ತತ್ವದ ಪ್ರಶ್ನೆ ಆಗಿರಲಿಕ್ಕಿಲ್ಲ. ಅದಕ್ಕೆ ನೇರವಾದ, ನಿಜವಾದ ಉತ್ತರ ಬೇಕು. "ನಿದ್ದೆ ಮಾಡ್ತಿದಾರೆ", "ದೂರ ಹೋಗಿದಾರೆ" ಎಂದು ಮರೆಮಾಚಿದರೆ ಮಗು ನಿದ್ದೆಗೂ ಪ್ರಯಾಣಕ್ಕೂ ಹೆದರಬಹುದು. ದೇಹ ಕೆಲಸ ಮಾಡುವುದು ನಿಂತಿತು, ಅವರು ಮತ್ತೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿ. ಆಮೇಲೆ ನಿಮ್ಮ ಮನೆಯ ನಂಬಿಕೆ ಏನಿದೆಯೋ ಅದನ್ನು ನಂಬಿಕೆ ಎಂದೇ ಹೇಳಿ.

"ನನ್ನಿಂದಲೇ ಆಯ್ತು." "ನಾನು ಕೋಪದಲ್ಲಿ ಸಾಯಲಿ ಅಂದುಕೊಂಡಿದ್ದೆ, ಅದಕ್ಕೇ ತಾತ ಸತ್ತೋದ್ರು" ಎಂದು ಮಗು ನಂಬಿರಬಹುದು. ಪುಟ್ಟ ಮಕ್ಕಳಲ್ಲಿ ಇಂಥ ಯೋಚನೆ ಸಾಮಾನ್ಯ. ಇದನ್ನು ಚರ್ಚೆಗೆ ಬಿಡಬೇಡಿ, ಉಳಿದ ಮಕ್ಕಳ ಅಭಿಪ್ರಾಯ ಕೇಳಬೇಡಿ. "ಇಲ್ಲ. ಅಂದುಕೊಂಡರೆ ಯಾರೂ ಸಾಯಲ್ಲ. ನಿನ್ನ ತಪ್ಪಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. ಈ ಒಂದು ಕಡೆ ದೊಡ್ಡವರು ಉತ್ತರ ಕೊಡಲೇಬೇಕು.

ದೇವರ ಶಿಕ್ಷೆಯ ಭಯ. ಪದೇ ಪದೇ ಪಾಪ, ನರಕ, ಶಾಪದ ಮಾತೆತ್ತುವ, ರಾತ್ರಿ ನಿದ್ದೆ ಮಾಡದ ಮಗುವಿಗೆ ಚರ್ಚೆಗಿಂತ ಧೈರ್ಯ ಮುಖ್ಯ. ಮನೆಯವರಿಗೆ ತಿಳಿಸಿ.

ಸಾಯಬೇಕು ಎನ್ನುವ ಮಾತು, ಹೊಡೆತ ಅಥವಾ ದೌರ್ಜನ್ಯದ ಸುಳಿವು. "ನಾನು ಇಲ್ಲದಿದ್ರೇ ಚೆನ್ನಾಗಿರುತ್ತೆ" ಎಂದು ಮಗು ಅಂದರೆ ಅದನ್ನು ಸುಮ್ನೆ ಅಂದದ್ದು ಎಂದು ತಳ್ಳಿಹಾಕಬೇಡಿ. ಚರ್ಚೆಯನ್ನು ಬೇರೆ ಕಡೆ ತಿರುಗಿಸಿ, ಅದೇ ದಿನ ಮಗುವನ್ನು ಒಬ್ಬರೇ ಕೂರಿಸಿಕೊಂಡು ಕೇಳಿ, ಮಕ್ಕಳ ಆಪ್ತಸಲಹೆಗಾರರಿಗೆ ಅಥವಾ ವೈದ್ಯರಿಗೆ ತಿಳಿಸಿ. ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಮಾತು ಕೊಡಬೇಡಿ. ಆ ಮಾತನ್ನು ಉಳಿಸಿಕೊಳ್ಳುವುದಕ್ಕೆ ಆಗುವುದಿಲ್ಲ.

## ಮನೆಯಲ್ಲಿ ಒಂದೇ ಮಗು ಇದ್ದರೆ

ಗುಂಪು ಇಲ್ಲ ಅಂತ ಬಿಡಬೇಕಾಗಿಲ್ಲ. ಹಂತ 4, 5, 6 ಹಾಗೇ ಇರಲಿ, ಒಂದು ಬದಲಾವಣೆ ಮಾಡಿಕೊಳ್ಳಿ: ನೀವೂ ಒಬ್ಬ ಆಟಗಾರ. ಇಬ್ಬರೂ ಒಂದೊಂದು ಪ್ರಶ್ನೆ ಬರೆಯಿರಿ, ಮಗುವಿನ ಪ್ರಶ್ನೆಯಿಂದ ಶುರು ಮಾಡಿ. ಆಮೇಲೆ ಮಾತಿನಲ್ಲಿ ಮೂರನೆಯವರೊಬ್ಬರನ್ನು ತನ್ನಿ: "ಇದನ್ನ ನಿನ್ನ ಫ್ರೆಂಡ್ ಕೇಳಿದ್ರೆ ಏನಂತಾಳೆ?", "ಅಜ್ಜ ಏನಂತಿದ್ರು?" ಎಂದು ಕೇಳಿ. ಇಬ್ಬರೇ ಇದ್ದಾಗ ಮಗು ಬೇಗ ನಿಮ್ಮ ಕಡೆಗೆ ವಾಲುತ್ತದೆ. ಮೂರನೆಯವರ ಮಾತು ಬಂದರೆ ಬೇರೆ ರೀತಿ ಯೋಚಿಸಲು ಜಾಗ ಸಿಗುತ್ತದೆ.

ಮುಖಕ್ಕೆ ಮುಖ ಕೊಟ್ಟು ಕೂರುವುದಕ್ಕಿಂತ ಅಕ್ಕಪಕ್ಕ ನಡೆಯುತ್ತಲೋ, ಕೂತು ಚಿತ್ರ ಬರೆಯುತ್ತಲೋ ಮಾತಾಡಿದರೆ ಒಂಟಿ ಮಗುವಿಗೆ ಹಗುರವೆನಿಸುತ್ತದೆ. ಹತ್ತು ನಿಮಿಷ ಆದ ಮೇಲೆ ಮಗು ಬೇರೆ ಮಾತು ತೆಗೆದರೆ ಅವತ್ತಿಗೆ ಅಷ್ಟೇ. ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಇದೆಯಲ್ಲ, ಮುಂದಿನ ವಾರ ತೆಗೆಯಬಹುದು.